ಸಡಿಲ ಸ್ಟೆಮ್: ಬದಲಿಸುವ ಮುನ್ನ ಪರೀಕ್ಷೆ ಅಗತ್ಯ

ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ 1961ರಲ್ಲಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತು. ಕೀಲಿ ಕೊಟ್ಟು ನಡೆಸುವ ಜನತಾ, ಪೈಲಟ್, ಸೋನಾ ಮಾದರಿಗಳು ಮನೆಮಾತಾದವು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಈಗ ಬಿಡಿಭಾಗಗಳಿಗೆ ಹಳೆಯ ದಾಸ್ತಾನು ಹಾಗೂ ಕೆಟ್ಟ ಗಡಿಯಾರಗಳೇ ಆಧಾರ. ಆದ್ದರಿಂದ ದೋಷವನ್ನು ಪರೀಕ್ಷಿಸದೆ ಭಾಗ ಬದಲಿಸುವುದು ಅಂಗಡಿಗೂ ಗ್ರಾಹಕನಿಗೂ ನಷ್ಟವೇ ಸರಿ.

ಕೀಲಿ ಕೊಡುವ ಗುಂಡಿ, ಅಂದರೆ ಕ್ರೌನ್, ಒಳಗಿನ ತೆಳು ಉಕ್ಕಿನ ಕಡ್ಡಿಯ ತುದಿಗೆ ತಿರುಗಿಸಲ್ಪಟ್ಟಿರುತ್ತದೆ. ಈ ಕಡ್ಡಿಯೇ ಸ್ಟೆಮ್. ಅದರ ಕಚ್ಚಿನಲ್ಲಿ ಸೆಟ್ಟಿಂಗ್ ಲಿವರಿನ ಪಿನ್ ಕುಳಿತು ಅದನ್ನು ಹಿಡಿದಿಡುತ್ತದೆ. ಲಿವರನ್ನು ಒಂದು ಸಣ್ಣ ಸ್ಕ್ರೂ ಬಿಗಿದಿರುತ್ತದೆ.

ದೋಷ ಎಲ್ಲಿದೆ?

ಕ್ರೌನ್ ಮಾತ್ರ ಕಳಚಿ ಬಂದರೆ ದೋಷವಿರುವುದು ಮರೆಯಲ್ಲಿ. ಮರೆ ಸವೆಯದಿದ್ದರೆ ಶುಚಿಗೊಳಿಸಿ ಬಿಗಿದರೆ ಸಾಕು. ಸ್ಟೆಮ್ ಸಹಿತ ಹೊರಬಂದರೆ ಹಿಂಬದಿ ಮುಚ್ಚಳ ತೆಗೆದು, ಸ್ಟೆಮ್ಮನ್ನು ಒಳಕ್ಕೊತ್ತಿ ಹಿಡಿದು ಲಿವರ್ ಸ್ಕ್ರೂವನ್ನು ಬಿಗಿಯಬೇಕು. ಬಹಳಷ್ಟು ಬಾರಿ ಕೆಲಸ ಇಷ್ಟಕ್ಕೇ ಮುಗಿಯುತ್ತದೆ. ಮತ್ತೆ ಜಾರಿದರೆ ಪಿನ್ ಅಥವಾ ಕಚ್ಚು ಸವೆದಿರಬಹುದು, ಇಲ್ಲವೇ ಲಿವರನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮುರಿದಿರಬಹುದು. ಆಗ ಮುಳ್ಳು, ಡಯಲ್ ಕಳಚಿ ನೋಡದೆ ಗತ್ಯಂತರವಿಲ್ಲ. ಸ್ಟೆಮ್ ಹೊರತೆಗೆಯುವಾಗ ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಬೇಕು. ಪೂರ್ಣ ಬಿಚ್ಚಿದರೆ ಲಿವರ್ ಕಳಚಿಬಿದ್ದು ಡಯಲ್ ತೆಗೆಯುವ ಶ್ರಮ ಹೆಚ್ಚುತ್ತದೆ.

ಮಲೆನಾಡಿನ ಎಚ್ಚರಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮಳೆಗಾಲದ ತೇವ ಹಾಗೂ ತೋಟದ ದುಡಿಮೆಯ ಬೆವರು ಕ್ರೌನ್ ಸಂದಿಯಿಂದ ಒಳಸೇರಿ ಸ್ಟೆಮ್ಮಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ತಿಂದ ಸ್ಟೆಮ್ಮನ್ನು ಬದಲಿಸುವುದೇ ಲೇಸು. ಆದರೆ ತೇವ ಬರುವ ದಾರಿಯನ್ನು ಮುಚ್ಚದಿದ್ದರೆ ಹೊಸದಕ್ಕೂ ಅದೇ ಗತಿ.

ಹೊಸ ಸ್ಟೆಮ್ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಸ್ವಲ್ಪಸ್ವಲ್ಪವಾಗಿ ಕತ್ತರಿಸಿ, ಅರದಿಂದ ಉಜ್ಜಿ ಅಳತೆಗೆ ತರಬೇಕು. ಹೆಚ್ಚು ಕತ್ತರಿಸಿದರೆ ಬಿಡಿಭಾಗ ವ್ಯರ್ಥ. ಉದ್ದ ಉಳಿದರೆ ಕ್ರೌನ್ ಕವಚಕ್ಕೆ ಕೂರದೆ ತೇವ, ಧೂಳು ನುಗ್ಗುತ್ತವೆ. ಯಂತ್ರದ ಮೇಲೆ ಕೊರೆದಿರುವ ಸಂಖ್ಯೆಯನ್ನು ನೋಡಿಯೇ ಬಿಡಿಭಾಗ ಕೊಳ್ಳಬೇಕು. ಹೊರಗಿನ ಮಾದರಿಯ ಹೆಸರನ್ನು ನಂಬುವಂತಿಲ್ಲ.

ಬಿಲ್ಲಿನಲ್ಲಿ ‘ಸ್ಕ್ರೂ ಬಿಗಿತ’, ‘ಸ್ಟೆಮ್ ಬದಲಾವಣೆ’ ಎಂದು ಕೆಲಸವನ್ನು ಬೇರೆಬೇರೆಯಾಗಿ ಬರೆಯುವ ರೂಢಿ ಹಿತಕರ. ಸ್ಕ್ರೂ ಬಿಗಿದು ಸ್ಟೆಮ್ಮಿನ ಬೆಲೆ ಪಡೆಯುವ ಅಂಗಡಿಗೆ ಗ್ರಾಹಕ ಎರಡನೆಯ ಸಲ ಬರಲಾರ. ಬಿಗಿತಕ್ಕೆ ಸಲ್ಲುವಷ್ಟೇ ಪಡೆದರೆ, ಅಜ್ಜನ ಕಾಲದ ಗಡಿಯಾರದೊಂದಿಗೆ ಅವನು ಮತ್ತೆ ಅದೇ ಮೆಟ್ಟಿಲು ಹತ್ತುತ್ತಾನೆ.