ಹರಾಜಿನ ಮನೆ: ಕಡಿಮೆ ಬೆಲೆಯ ಹಿಂದಿರುವ ಲೆಕ್ಕ



೨೦೨೪-೨೫ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ದರ ಬಂದ ಮೇಲೆ, ಸಾಲ ತೀರಿಸಿ, ಗೊಬ್ಬರ ಮತ್ತು ಆಳಿನ ಖರ್ಚು ಕಳೆದು, ನಮ್ಮಲ್ಲಿ ಕೆಲವರ ಕೈಯಲ್ಲಿ ನಾಲ್ಕು ಕಾಸು ಉಳಿದಿದೆ. ಸಂತೋಷದ ವಿಷಯ. ಆ ಹಣವನ್ನು ಎಲ್ಲಿ ತೊಡಗಿಸುವುದು ಎಂಬ ಮಾತು ಬಂದಾಗಲೆಲ್ಲ, ಬೆಂಗಳೂರು, ಮೈಸೂರು, ಶಿವಮೊಗ್ಗಗಳಲ್ಲಿ ಬ್ಯಾಂಕುಗಳು ಹರಾಜಿಗಿಟ್ಟ ಮನೆಗಳ ಪ್ರಸ್ತಾಪವೂ ಸಂಘದ ಕಚೇರಿಯಲ್ಲಿ ಕೇಳಿಬರುತ್ತಿದೆ. ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಚಿತ್ರ ನೋಡಿ ಸವಾಲು ಹಾಕಬಹುದು, ಪೇಟೆಯ ದರಕ್ಕಿಂತ ಕಡಿಮೆಗೆ ಸಿಗುತ್ತದೆ ಎಂಬುದು ಇದರ ಆಕರ್ಷಣೆ. ಇಂಥ ಖರೀದಿಯಿಂದ ಲಾಭವೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಬೆಲೆ ಏಕೆ ಕಡಿಮೆಯಾಗಿದೆ ಎಂಬುದನ್ನು ಅರಿಯದೆ ಹಣ ಕಟ್ಟುವುದು ತರವಲ್ಲ.

ಮೊದಲು ಈ ಹರಾಜು ಹೇಗೆ ಹುಟ್ಟುತ್ತದೆಂಬುದನ್ನು ನೋಡೋಣ. ೨೦೦೨ರ ಸರ್ಫೇಸಿ ಕಾಯ್ದೆಯ ಪ್ರಕಾರ, ಸಾಲ ವಸೂಲಾಗದಿದ್ದಾಗ ಬ್ಯಾಂಕು ಸಾಲಗಾರನಿಗೆ ೬೦ ದಿನಗಳ ನೋಟೀಸು ಕೊಡುತ್ತದೆ. ಆಗಲೂ ಹಣ ಬಾರದಿದ್ದರೆ, ಸಿವಿಲ್ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಮಾರಬಹುದು. ಮಾರಾಟಕ್ಕೆ ಮುಂಚೆ ಮೌಲ್ಯಮಾಪನ ಮಾಡಿಸಿ, ಮೀಸಲು ಬೆಲೆ ಗೊತ್ತುಪಡಿಸಿ, ೩೦ ದಿನಗಳ ನೋಟೀಸು ಹೊರಡಿಸಬೇಕು. ಸವಾಲು ಹಾಕುವವರು ಬಾರದಿದ್ದರೆ ೧೫ ದಿನಗಳ ನೋಟೀಸಿನ ಮೇಲೆ ಮತ್ತೆ ಹರಾಜು ಇಡಬಹುದು. ಸಾಮಾನ್ಯವಾಗಿ ಆಗ ಮೀಸಲು ಬೆಲೆಯನ್ನೂ ಇಳಿಸುತ್ತಾರೆ. ಮೂರನೆಯ ಸಲ ಹರಾಜಿಗೆ ಬಂದ ಮನೆಯನ್ನು ಕಂಡಾಗ ಬೆಲೆ ಇಳಿಯಿತೆಂದು ಹಿಗ್ಗುವ ಮುನ್ನ, ಹಿಂದಿನ ಎರಡು ಸಲ ಆ ಊರಿನವರೇ ಅದನ್ನು ಏಕೆ ಬಿಟ್ಟರೆಂದು ಕೇಳಿಕೊಳ್ಳಬೇಕು.

ಪ್ರತಿ ಹರಾಜು ನೋಟೀಸಿನಲ್ಲಿಯೂ ಒಂದು ಷರತ್ತು ಇದ್ದೇ ಇರುತ್ತದೆ. ಆಸ್ತಿಯನ್ನು ‘ಇದ್ದಲ್ಲಿ ಇದ್ದ ಹಾಗೆ, ಏನಿದೆಯೋ ಅದರಂತೆ’ ಮಾರಲಾಗುವುದು, ಮುಂದೆ ಬ್ಯಾಂಕಿನ ಮೇಲೆ ಹಕ್ಕು ಸಾಧಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ನಾವು ತೋಟವನ್ನು ಚೇಣಿಗೆ ಕೊಡುವಾಗ, ಚೇಣಿದಾರನು ಮರ ಮರ ನೋಡಿ, ಕೊನೆ ಎಣಿಸಿ, ಆಮೇಲೆ ಮಾತಾಡುತ್ತಾನೆ. ಮಂಡಿಯಲ್ಲಿ ರಾಶಿಯನ್ನು ಕೈಯಾಡಿಸಿ ನೋಡದೆ ಯಾರೂ ಟೆಂಡರು ಬರೆಯುವುದಿಲ್ಲ. ಮನೆಯ ಹರಾಜಿನಲ್ಲಿಯೂ ನೋಡಿ ತಿಳಿಯುವ ಹೊಣೆ ಕೊಳ್ಳುವವನದೇ. ವ್ಯತ್ಯಾಸವೆಂದರೆ, ಇಲ್ಲಿ ಒಳಗೆ ಹೋಗಿ ನೋಡಲು ಅನೇಕ ವೇಳೆ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಬೆಲೆಯಲ್ಲಿ ಕಾಣುವ ಕಡಿತವು ಬ್ಯಾಂಕು ಕೊಟ್ಟ ರಿಯಾಯಿತಿಯಲ್ಲ. ಕೊಳ್ಳುವವನ ತಲೆಗೆ ದಾಟಿದ ತೊಂದರೆಯ ಬೆಲೆ.

ಇನ್ನು ಹಣ ಕಟ್ಟುವ ಕ್ರಮ. ಮೀಸಲು ಬೆಲೆ ೬೦ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಶೇಕಡ ೧೦ರಷ್ಟು, ಅಂದರೆ ೬ ಲಕ್ಷವನ್ನು ಮುಂಗಡ ಠೇವಣಿಯಾಗಿ ಕಟ್ಟಿದ ಮೇಲೆಯೇ ಸವಾಲಿಗೆ ಪ್ರವೇಶ. ನಿಮ್ಮ ಸವಾಲು ೬೪ ಲಕ್ಷಕ್ಕೆ ನಿಂತಿತೆನ್ನಿ. ಅದರ ಕಾಲು ಭಾಗ, ೧೬ ಲಕ್ಷ, ಅಂದೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಸಂದಾಯವಾಗಬೇಕು. ಠೇವಣಿ ಕಳೆದರೆ ಆಗ ಕಟ್ಟಬೇಕಾದದ್ದು ೧೦ ಲಕ್ಷ. ಉಳಿದ ೪೮ ಲಕ್ಷವನ್ನು ಮಾರಾಟ ಸ್ಥಿರಪಟ್ಟ ೧೫ ದಿನಗಳೊಳಗೆ ಕಟ್ಟಬೇಕು. ಬ್ಯಾಂಕು ಲಿಖಿತವಾಗಿ ಒಪ್ಪಿದರೆ ಮಾತ್ರ ಅವಧಿ ಮುಂದಕ್ಕೆ ಹೋಗುತ್ತದೆ. ಅದೂ ಮೂರು ತಿಂಗಳು ಮೀರುವಂತಿಲ್ಲ.

ತಪ್ಪಿದರೆ ಆ ೧೬ ಲಕ್ಷವೂ ಮುಟ್ಟುಗೋಲು. ‘ಬ್ಯಾಂಕಿಗೆ ಆದ ನಷ್ಟವನ್ನಷ್ಟೇ ಹಿಡಿದುಕೊಂಡು ಉಳಿದದ್ದನ್ನು ವಾಪಸು ಕೊಟ್ಟಾರು’ ಎಂಬ ನಂಬಿಕೆ ಬೇಡ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಒಂದು ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಬ್ಯಾಂಕು ಅದೇ ಆಸ್ತಿಯನ್ನು ಮುಂದೆ ಹೆಚ್ಚಿನ ಬೆಲೆಗೇ ಮಾರಿತ್ತು. ಆದರೂ ಮೊದಲ ಸವಾಲುದಾರನು ಕಟ್ಟಿದ್ದ ಕಾಲು ಭಾಗವನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಂಡದ್ದು ಸರಿಯೆಂದು ಸುಪ್ರೀಂ ಕೋರ್ಟು ೨೦೨೪ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಹಾಗಾಗಿ, ಸಾಲ ಮಂಜೂರಾದೀತು, ಅಷ್ಟರಲ್ಲಿ ಅಡಿಕೆ ಮಾರಿ ಕಟ್ಟೋಣ ಎಂಬ ಅಂದಾಜಿನ ಮೇಲೆ ಸವಾಲಿಗೆ ಇಳಿಯಲೇಬಾರದು. ಮಂಡಿಯ ದರ ನಮ್ಮ ೧೫ ದಿನಗಳನ್ನು ಕಾಯುವುದಿಲ್ಲ.

ಹಣಕ್ಕೆ ಹೀಗೆ ದಿನಗಳ ಗಡುವು ಇದೆ. ಮನೆ ಕೈಸೇರುವುದಕ್ಕೆ ಅಂಥ ಗಡುವಿಲ್ಲ. ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶವಿದು. ನೋಟೀಸಿನಲ್ಲಿ ‘ಸಾಂಕೇತಿಕ ಸ್ವಾಧೀನ’ ಎಂದಿದ್ದರೆ, ಬ್ಯಾಂಕು ಬಾಗಿಲಿಗೆ ಕಾಗದ ಅಂಟಿಸಿದೆ, ಒಳಗೆ ಸಂಸಾರ ಇನ್ನೂ ಇದೆ ಎಂದರ್ಥ. ಅವರನ್ನು ಬಿಡಿಸಲು ಬ್ಯಾಂಕು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಇಲ್ಲವೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ೩೦ ದಿನ, ಹೆಚ್ಚೆಂದರೆ ೬೦ ದಿನಗಳಲ್ಲಿ ಆಜ್ಞೆಯಾಗಬೇಕೆಂದು ಕಾಯ್ದೆ ಹೇಳಿದರೂ, ಆ ಅವಧಿ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು ೨೦೨೦ರಲ್ಲಿ ತಿಳಿಸಿದೆ. ಒಳಗಿರುವವರು ಸಾಲಕ್ಕೆ ಮುಂಚಿನಿಂದ ಇರುವ ಬಾಡಿಗೆದಾರರಾದರೆ ವಿಷಯ ಇನ್ನಷ್ಟು ಜಟಿಲ. ಬಾಡಿಗೆ ಕಾಯ್ದೆಯ ರಕ್ಷಣೆ ಇರುವವರನ್ನು ಸರ್ಫೇಸಿ ಕಾಯ್ದೆಯ ಬಲದಿಂದ ಹಾಗೆಯೇ ಎಬ್ಬಿಸಲಾಗದೆಂದು ೨೦೧೬ರಲ್ಲಿ ತೀರ್ಪಾಗಿದೆ. ಅಲ್ಲಿಯವರೆಗೆ ನಿಮ್ಮ ೬೪ ಲಕ್ಷ ಬ್ಯಾಂಕಿನಲ್ಲಿ, ಮನೆ ಬೇರೆಯವರ ಕೈಯಲ್ಲಿ, ಬಡ್ಡಿಯ ನಷ್ಟ ನಿಮ್ಮದು. ಕಷ್ಟಕ್ಕೆ ಸಿಕ್ಕ ಒಂದು ಸಂಸಾರದ ಬಾಗಿಲಲ್ಲಿ ಹೋಗಿ ನಿಲ್ಲಬೇಕಾದವರೂ ಕೊನೆಗೆ ನೀವೇ. ಇದಕ್ಕೆ ಮನಸ್ಸು ಒಪ್ಪುವುದೇ ಎಂಬುದನ್ನೂ ಮೊದಲೇ ಯೋಚಿಸತಕ್ಕದ್ದು.

ವ್ಯಾಜ್ಯದ ಭಯವೂ ಇದ್ದೇ ಇದೆ. ಬ್ಯಾಂಕು ಕೈಗೊಂಡ ಕ್ರಮದ ವಿರುದ್ಧ ೪೫ ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸುವ ಹಕ್ಕು ಸಾಲಗಾರನಿಗಿದೆ. ಕರ್ನಾಟಕದ ಪ್ರಕರಣಗಳಲ್ಲಿ ಅದರ ಮೇಲ್ಮನವಿ ಚೆನ್ನೈಗೆ ಹೋಗುತ್ತದೆ. ಹರಾಜಿನ ನೋಟೀಸು ಪ್ರಕಟವಾದ ಮೇಲೆ ಸಾಲಗಾರನು ಹಣ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲವೆಂದು ೨೦೨೩ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಕೊಳ್ಳುವವರಿಗೆ ಧೈರ್ಯ ತರುವ ಮಾತೇ. ಆದರೆ ಬ್ಯಾಂಕಿನ ನೋಟೀಸಿನಲ್ಲಿ ಲೋಪವಿದ್ದರೆ ಮಾರಾಟವೇ ರದ್ದಾಗಬಹುದು. ಇದಲ್ಲದೆ ಅಣ್ಣನೊಬ್ಬನು ಒತ್ತೆಯಿಟ್ಟ ಮನೆಯಲ್ಲಿ ತಂಗಿಯರ ಪಾಲು ಇರಬಹುದು. ಇಂಥ ಮೂರನೆಯವರು ಸಿವಿಲ್ ಕೋರ್ಟಿನಲ್ಲಿ ಹಕ್ಕು ಕೇಳುವುದಕ್ಕೆ ಸರ್ಫೇಸಿ ಕಾಯ್ದೆ ಅಡ್ಡಿಯಲ್ಲವೆಂದು ೨೦೨೫ರ ಜನವರಿಯಲ್ಲಿ ತೀರ್ಪು ಬಂದಿದೆ. ಪಾಲುಪಟ್ಟಿಯ ತಂಟೆ ಏನೆಂಬುದನ್ನು ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಬಾಕಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮನೆಕಂದಾಯ, ನೀರಿನ ಬಿಲ್ಲು, ಫ್ಲಾಟಾದರೆ ನಿರ್ವಹಣಾ ಶುಲ್ಕ ವರ್ಷಗಟ್ಟಲೆ ನಿಂತಿರಬಹುದು. ಹಿಂದಿನ ಮಾಲೀಕನ ವಿದ್ಯುತ್ ಬಾಕಿಯನ್ನು ತೀರಿಸಿದರೆ ಮಾತ್ರ ಹೊಸ ಸಂಪರ್ಕ ಎಂದು ವಿದ್ಯುತ್ ಸಂಸ್ಥೆ ತನ್ನ ನಿಯಮದ ಪ್ರಕಾರ ಹರಾಜಿನ ಖರೀದಿದಾರನನ್ನು ಕೇಳಬಹುದೆಂದು, ಕೇರಳದಿಂದ ಹೋದ ಮೊಕದ್ದಮೆಗಳಲ್ಲಿ ೨೦೨೩ರಲ್ಲಿ ಸುಪ್ರೀಂ ಕೋರ್ಟು ಒಪ್ಪಿದೆ. ನೋಂದಣಿಯ ವೆಚ್ಚ ಬೇರೆ. ಮೇಲಿನ ಉದಾಹರಣೆಯಲ್ಲಿ ಶೇಕಡ ೫ರ ಮುದ್ರಾಂಕ ಶುಲ್ಕವೇ ೩ ಲಕ್ಷ ೨೦ ಸಾವಿರ. ೨೦೨೫ರ ಆಗಸ್ಟ್ ಕೊನೆಯಿಂದ ಶೇಕಡ ೨ ಆಗಿರುವ ನೋಂದಣಿ ಶುಲ್ಕ ೧ ಲಕ್ಷ ೨೮ ಸಾವಿರ. ಸೆಸ್ಸು, ಸರ್ಚಾರ್ಜು, ವಕೀಲರ ಶುಲ್ಕ, ದುರಸ್ತಿ ಇದಕ್ಕೆ ಸೇರುತ್ತವೆ. ಇವೆಲ್ಲವನ್ನೂ ಕೂಡಿಸಿ, ಎರಡು ವರ್ಷ ಮನೆ ಕೈಸೇರದಿದ್ದರೆ ಆಗುವ ಬಡ್ಡಿಯನ್ನೂ ಸೇರಿಸಿ ನೋಡಿದರೆ, ಅಗ್ಗವೆಂದು ತೋರಿದ್ದು ಅನೇಕ ಸಲ ಪೇಟೆಯ ದರಕ್ಕೇ ಬಂದು ನಿಲ್ಲುತ್ತದೆ.

ಇಷ್ಟಾಗಿಯೂ ಕೊಳ್ಳಬೇಕೆನ್ನುವವರು ಈ ಕೆಲಸಗಳನ್ನು ತಪ್ಪದೆ ಮಾಡತಕ್ಕದ್ದು. ನೋಟೀಸಿನಲ್ಲಿರುವ ಶಾಖೆಗೆ ಖುದ್ದಾಗಿ ಹೋಗಿ, ಹರಾಜು ನಿಜವೇ, ಠೇವಣಿ ಕಟ್ಟುವ ಖಾತೆ ಬ್ಯಾಂಕಿನದೇ ಎಂದು ಖಚಿತಪಡಿಸಿಕೊಳ್ಳಿ. ದಲ್ಲಾಳಿ ಕಳಿಸಿದ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಸ್ವಾಧೀನ ಸಾಂಕೇತಿಕವೋ ಭೌತಿಕವೋ, ಯಾವುದಾದರೂ ಮೊಕದ್ದಮೆ ಇದೆಯೋ ಎಂಬುದನ್ನು ಬರಹದಲ್ಲಿ ಕೇಳಿ. ಕನಿಷ್ಠ ೩೦ ವರ್ಷಗಳ ಇ.ಸಿ., ಮೂಲಪತ್ರಗಳು ಮತ್ತು ಇ-ಖಾತೆಯನ್ನು ಬ್ಯಾಂಕಿಗೆ ಸಂಬಂಧಪಡದ ವಕೀಲರಿಗೆ ತೋರಿಸಿ. ಮನೆಯ ಬಳಿ ಎರಡು ಸಲ ಹೋಗಿ ಅಕ್ಕಪಕ್ಕದವರನ್ನು ವಿಚಾರಿಸಿ. ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಸವಾಲಿನ ಬಿಸಿಯಲ್ಲಿ ಅದನ್ನು ದಾಟಬೇಡಿ.

ನಮ್ಮ ಅಭಿಪ್ರಾಯದಲ್ಲಿ, ಭೌತಿಕ ಸ್ವಾಧೀನ ಬ್ಯಾಂಕಿನ ಕೈಯಲ್ಲಿಲ್ಲದ ಮನೆಗೆ ಸಣ್ಣ ಬೆಳೆಗಾರರು ಸವಾಲು ಹಾಕದಿರುವುದೇ ಲೇಸು. ಬೆಳೆಸಾಲದ ಹಣವನ್ನಾಗಲಿ, ಮುಂದಿನ ವರ್ಷದ ತೋಟದ ಖರ್ಚಿಗೆ ಇಟ್ಟ ಹಣವನ್ನಾಗಲಿ ಇದಕ್ಕೆ ಮುಟ್ಟಬಾರದು. ಈ ಸಲದ ದರ ಪ್ರತಿ ಸಲವೂ ಬರುವುದಿಲ್ಲ. ಗಿಡಕ್ಕೆ ಗೊಬ್ಬರ ಮಾತ್ರ ಪ್ರತಿ ವರ್ಷವೂ ಬೇಕು. ಹರಾಜಿನ ನೋಟೀಸು ಕೈಗೆ ಬಂದವರು ಅದರ ಪ್ರತಿಯನ್ನು ಸಂಘದ ಕಚೇರಿಗೆ ತಂದರೆ, ಕುಳಿತು ಓದಿ ಅರ್ಥ ಹೇಳಲು ನಾವು ಸಿದ್ಧರಿದ್ದೇವೆ. ಆದರೆ ಠೇವಣಿ ಕಟ್ಟಿದ ಮೇಲೆ ಅಲ್ಲ, ಕಟ್ಟುವುದಕ್ಕೆ ಮುಂಚೆ ಬರಬೇಕೆಂದು ವಿನಂತಿ.

— ಕಾರ್ಯದರ್ಶಿ