ನಿಮಗಿದು ಗೊತ್ತೇ? ‘ಕನ್ನಡ’ ಎಂಬ ಪದಕ್ಕೆ ಎಷ್ಟು ಅಕ್ಷರ?

ಒಂದನೇ ತರಗತಿಯ ಮಗುವನ್ನು ಕೇಳಿದರೆ ಮೂರು ಎನ್ನುತ್ತದೆ: ಕ, ನ್ನ, ಡ. ಪೈಥಾನ್ 3ರ ‘ಲೆನ್’ ಐದು ಎನ್ನುತ್ತದೆ. ಯುಟಿಎಫ್-8ರಲ್ಲಿ ಉಳಿಸಿದ ಅದೇ ಪದವನ್ನು ಸಿ ಭಾಷೆಯ ‘ಸ್ಟ್ರ್‌ಲೆನ್’ಗೆ ಕೊಟ್ಟರೆ ಉತ್ತರ 15. ಮೂರೂ ಸರಿಯೇ! ಮಗು ಎಣಿಸಿದ್ದು ಕಣ್ಣಿಗೆ ಕಂಡದ್ದನ್ನು. ಪೈಥಾನ್ ಎಣಿಸಿದ್ದು ಯೂನಿಕೋಡ್ ಸಂಕೇತಗಳನ್ನು: ಕ, ನ, ಹಲಂತ, ನ, ಡ. ಸಿ ಎಣಿಸಿದ್ದು ಬೈಟುಗಳನ್ನು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರರಂತೆ.

ಸಿ ಭಾಷೆಯ ‘ಚಾರ್’ ಎಂದರೆ ಒಂದೇ ಬೈಟು. ಕನ್ನಡದ ಒಂದು ‘ಕ’ ಕೂಡ ಅದರಲ್ಲಿ ಹಿಡಿಸದು.

ಅದೇ ಸಿ ಭಾಷೆಯಲ್ಲಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಸರಣಿ, ತನ್ನ ಉದ್ದವನ್ನು ಎಲ್ಲಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಕೊನೆಯಲ್ಲಿ ಸೊನ್ನೆಯ ಬೈಟೊಂದು ಕೂತಿರುತ್ತದೆ, ಅಲ್ಲಿಗೆ ಮುಗಿಯಿತೆಂದು ಅರ್ಥ. ಹಾಗಾಗಿ ಮೂರು ಇಂಗ್ಲಿಷ್ ಅಕ್ಷರ ಇಡಲು ನಾಲ್ಕು ಬೈಟು ಬೇಕು. ಆ ಸೊನ್ನೆ ತಪ್ಪಿಹೋದರೆ ಪ್ರೋಗ್ರಾಂ ನಿಲ್ಲದೆ ಪಕ್ಕದ ಮೆಮೊರಿಯನ್ನೂ ಓದುತ್ತಾ ಹೋಗುತ್ತದೆ. ಎಷ್ಟೋ ತಂತ್ರಾಂಶಗಳ ಭದ್ರತೆ ಒಡೆದದ್ದು ಇಂಥ ಜಾಗದಲ್ಲಿ. ಪ್ಯಾಸ್ಕಲ್‌ನ ಹಳೆಯ ಆವೃತ್ತಿಗಳು ಬೇರೆ ದಾರಿ ಹಿಡಿದವು: ಮೊದಲ ಬೈಟಿನಲ್ಲೇ ಉದ್ದ. ಆದರೆ ಒಂದು ಬೈಟಿನಲ್ಲಿ ಬರೆಯಬಹುದಾದ ದೊಡ್ಡ ಸಂಖ್ಯೆ 255. ಅದಕ್ಕಿಂತ ಉದ್ದದ ಸ್ಟ್ರಿಂಗ್‌ಗೆ ಅಲ್ಲಿ ಜಾಗವಿರಲಿಲ್ಲ.

ಪೈಥಾನ್‌ನಲ್ಲಿ ಕ್ಯಾರೆಕ್ಟರ್ ಎಂಬ ಪ್ರತ್ಯೇಕ ಬಗೆಯೇ ಇಲ್ಲ. ಒಂದಕ್ಷರವೂ ಅಲ್ಲಿ ಸ್ಟ್ರಿಂಗೇ.

ಆಸ್ಕಿ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ ‘ಎ’ 65, ಚಿಕ್ಕ ‘ಎ’ 97. ವ್ಯತ್ಯಾಸ 32, ಅಂದರೆ ಒಂದೇ ಒಂದು ಬಿಟ್. ಅದನ್ನು ತಿರುಗಿಸಿದರೆ ಸಾಕು, ದೊಡ್ಡದು ಚಿಕ್ಕದಾಗುತ್ತದೆ.

ಇಂದು ಜಾಲತಾಣಗಳನ್ನೆಲ್ಲ ಆವರಿಸಿರುವ ಯುಟಿಎಫ್-8 ರೂಪುಗೊಂಡದ್ದು 1992ರ ಸೆಪ್ಟೆಂಬರ್‌ನಲ್ಲಿ, ನ್ಯೂಜೆರ್ಸಿಯ ಹೋಟೆಲೊಂದರಲ್ಲಿ, ತಟ್ಟೆಯಡಿಯ ಕಾಗದದ ಮೇಲೆ. ಬರೆದವರು ಕೆನ್ ಥಾಂಪ್ಸನ್, ಜೊತೆಗಿದ್ದವರು ರಾಬ್ ಪೈಕ್.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ‘ಕೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಕಕಾರಕ್ಕೆ ನೇರವಾಗಿ ಒತ್ವ ಹಚ್ಚುವುದು ಒಂದು. ಮೊದಲು ಎತ್ವ, ಮೇಲೆ ಕೊಂಬಿನ ದೀರ್ಘ ಸೇರಿಸುವುದು ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ. ಎರಡು ಸ್ಟ್ರಿಂಗ್‌ಗಳನ್ನು ಹೋಲಿಸಿ ನೋಡಿದರೆ ಪ್ರೋಗ್ರಾಂ ‘ಸಮವಲ್ಲ’ ಎನ್ನುತ್ತದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಜಕಾರದ ಹಲಂತದ ನಂತರ ಕಣ್ಣಿಗೆ ಕಾಣದ ಸಂಕೇತವೊಂದನ್ನು ಹಾಕಬೇಕು, ಇಲ್ಲವಾದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಒಬ್ಬರು ಅದನ್ನು ಹಾಕಿ ಟೈಪಿಸಿ, ಇನ್ನೊಬ್ಬರು ಹಾಕದೆ ಹುಡುಕಿದರೆ, ಪಟ್ಟಿಯಲ್ಲಿರುವ ಹೆಸರೇ ಸಿಗದೆ ಹೋಗಬಹುದು. ಕನ್ನಡದ ನಿಘಂಟು, ಮತದಾರರ ಪಟ್ಟಿ, ಗ್ರಂಥಾಲಯದ ಸೂಚಿ ಮಾಡುವವರು ಹೋಲಿಕೆಗೆ ಮೊದಲು ಸ್ಟ್ರಿಂಗ್‌ಗಳನ್ನು ಒಂದೇ ರೂಪಕ್ಕೆ ತರಲೇಬೇಕು. ಒತ್ವದ ತೊಡಕನ್ನು ‘ನಾರ್ಮಲೈಸೇಶನ್’ ಎಂಬ ಸಿದ್ಧ ಸೌಲಭ್ಯ ಬಿಡಿಸುತ್ತದೆ. ಕಾಣದ ಸಂಕೇತವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಬೇರೆಯಾಗಿ ಕೋಡ್ ಬರೆಯಬೇಕು. ಇದನ್ನು ಬಿಟ್ಟುಬಿಡುವುದು ಸಣ್ಣ ಲೋಪವಲ್ಲ.

‘ನಾಡು’ ಪದವನ್ನು ಸಂಕೇತ ಸಂಕೇತವಾಗಿ ಹಿಂದುಮುಂದು ಮಾಡಿ ನೋಡಿ. ‘ಡುನಾ’ ಬರುವುದಿಲ್ಲ. ಒಂಟಿ ಕೊಂಬು ಮುಂದೆ ನಿಲ್ಲುತ್ತದೆ, ಅದರ ಹಿಂದೆ ‘ಡಾನ’.

ಮೊಬೈಲಿನ ಒಂದು ಎಸ್ಸೆಮ್ಮೆಸ್‌ಗೆ 140 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕಾದ್ದರಿಂದ 160 ಹಿಡಿಸುತ್ತವೆ. ಕನ್ನಡಕ್ಕೆ ಸಂಕೇತವೊಂದಕ್ಕೆ ಎರಡು ಬೈಟು, ಹಾಗಾಗಿ 70 ಮಾತ್ರ. ಗುಣಿತ, ಒತ್ತು, ಹಲಂತ ಎಲ್ಲವೂ ಆ ಎಪ್ಪತ್ತರೊಳಗೇ.

‘ಬೆಂಗಳೂರು’ ಎಂಟು ಸಂಕೇತ, ಯುಟಿಎಫ್-8ರಲ್ಲಿ 24 ಬೈಟು. ಒರಾಕಲ್ ಡೇಟಾಬೇಸಿನ ‘ವಾರ್‌ಚಾರ್2’ ಕಾಲಂಗೆ ಬರೇ 20 ಎಂದು ಕೊಟ್ಟರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ ಅದು 20 ಬೈಟು. ನಮ್ಮ ರಾಜಧಾನಿಯ ಹೆಸರಿಗೆ ಅಲ್ಲಿ ಪ್ರವೇಶವಿಲ್ಲ.

ಜಾವಾದ ‘ಚಾರ್’ 16 ಬಿಟ್. ಜಗತ್ತಿನ ಲಿಪಿಗಳಿಗೆಲ್ಲ 65,536 ಸಂಕೇತ ಸಾಕು ಎಂದುಕೊಂಡಿದ್ದ ಕಾಲದ ತೀರ್ಮಾನವದು. 1996ರ ಯೂನಿಕೋಡ್ 2.0 ಆ ಗಡಿ ದಾಟಿತು. ಅದಕ್ಕೇ ಇಂದೂ ಒಂದು ನಗುಮೊಗದ ಎಮೋಜಿಯ ಉದ್ದ ಕೇಳಿದರೆ ಜಾವಾ ಎರಡು ಎನ್ನುತ್ತದೆ.

ಮೈಎಸ್‌ಕ್ಯುಎಲ್‌ನ ‘ಯುಟಿಎಫ್8’ಗೆ ಮೂರು ಬೈಟಿನ ಮಿತಿಯಿತ್ತು. ಕನ್ನಡ ಅದರಲ್ಲಿ ಸರಿಯಾಗಿ ಕೂತಿತು. ನಾಲ್ಕು ಬೈಟು ಬೇಡುವ ಎಮೋಜಿಗಳು 2010ರಲ್ಲಿ ‘ಯುಟಿಎಫ್8ಎಂಬಿ4’ ಬರುವತನಕ ಕಾಯಬೇಕಾಯಿತು.