ಮಸ್ಕಿಯ ಮಗು ಯಾವ ಲೆಕ್ಕಕ್ಕೆ?

ಇವತ್ತು ಒಂದು ನಕ್ಷೆಯ ಕಥೆ ಹೇಳ್ತೀನಿ. 2020ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಐದು ವರ್ಷ ತುಂಬೋ ಮೊದಲೇ ತೀರಿಕೊಳ್ಳುವ ಮಕ್ಕಳ ಲೆಕ್ಕ ಅದು. 2000ದಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 83 ಮಕ್ಕಳು ಹೀಗೆ ಹೋಗುತ್ತಿದ್ದರು. 2017ಕ್ಕೆ ಅದು 42ಕ್ಕೆ ಇಳಿದಿದೆ. ಇಡೀ ದೇಶವನ್ನು ಐದೈದು ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ, 723 ಜಿಲ್ಲೆಗಳ ಅಂಕಿ ಕೊಟ್ಟಿದ್ದಾರೆ.

ದೊಡ್ಡ ಕೆಲಸ, ಒಪ್ಪೋಣ. ಆದರೆ ವಿಜ್ಞಾನದ ನಿಯಮ ಏನು? ಅದೇ ಮಾಹಿತಿ, ಅದೇ ವಿಧಾನ ಹಿಡಿದು ಇನ್ನೊಬ್ಬರು ಮಾಡಿದರೂ ಅದೇ ಉತ್ತರ ಬರಬೇಕು. ಹಾಗಾದರೆ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಮಾಡಿ ನೋಡೋಣ ಅಂತ ಹೊರಟರೆ ಏನಾಗುತ್ತೆ?

ಮೊದಲು ಮಾಹಿತಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದು, 'ಎಷ್ಟು ಮಕ್ಕಳು ಹುಟ್ಟಿದರಮ್ಮ, ಎಷ್ಟು ಉಳಿದಾವೆ?' ಅಂತ ತಾಯಂದಿರನ್ನು ಕೇಳ್ತಾರೆ. 2015-16ರಲ್ಲಿ 640 ಜಿಲ್ಲೆಗಳ 6,01,509 ಮನೆಗಳನ್ನು ಕೇಳಿದರು. ಅಂದರೆ ಜಿಲ್ಲೆಗೆ ಸುಮಾರು 940 ಮನೆ. ಇದು ಸಾಲದು ಅಂತಲೇ ಜಿಲ್ಲಾ ವರದಿಯಲ್ಲಿ ಮಕ್ಕಳ ಸಾವಿನ ದರವನ್ನೇ ಕೊಡೋದಿಲ್ಲ. ಮತ್ತೆ ಚೌಕಕ್ಕೊಂದು ಅಂಕಿ ಎಲ್ಲಿಂದ ಬಂತು? ಅಕ್ಕಪಕ್ಕದ ಊರು, ತಾಯಂದಿರ ಓದು, ಪಟ್ಟಣದ ದೂರ, ಇಂಥವನ್ನೆಲ್ಲ ಸೇರಿಸಿ ಕಂಪ್ಯೂಟರ್ ಮಾಡಿದ ಅಂದಾಜು ಅದು. ಎಣಿಸಿದ ಲೆಕ್ಕ ಅಲ್ಲ.

ಎರಡನೆಯದು, ಜಾಗ. ಮನೆಯವರ ಗುರುತು ಸಿಗಬಾರದು ಅಂತ ಸಮೀಕ್ಷೆ ನಡೆದ ಹಳ್ಳಿಯ ಬಿಂದುವನ್ನು ಬೇಕಂತಲೇ ಐದು ಕಿಲೋಮೀಟರಿನವರೆಗೆ ಸರಿಸಿರುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಚೌಕವೇ ಐದು ಕಿಲೋಮೀಟರ್! ಈ ಹಳ್ಳಿಯ ಸಾವು ಪಕ್ಕದ ಚೌಕಕ್ಕೆ ಹೋಗಿ ಕೂರಬಹುದು.

ಮೂರನೆಯದು, ಗಡಿ. 2011ರ ಜನಗಣತಿಯಲ್ಲಿ ರಾಯಚೂರಿಗೆ ಐದೇ ತಾಲ್ಲೂಕು. ಮಸ್ಕಿ ಆಗ ಲಿಂಗಸುಗೂರಿನಲ್ಲಿತ್ತು. ಆಮೇಲೆ ಲಿಂಗಸುಗೂರು, ಸಿಂಧನೂರು, ಮಾನ್ವಿಯ ಹಳ್ಳಿಗಳನ್ನು ಸೇರಿಸಿ ಮಸ್ಕಿ ತಾಲ್ಲೂಕು ಮಾಡಿದರು. ಹಳೇ ನಕ್ಷೆ ಹಿಡಿದರೆ ಮಸ್ಕಿಯ ಮಕ್ಕಳು ಬೇರೆಯವರ ಖಾತೆಗೆ. 1915ರಲ್ಲಿ ಸಿಕ್ಕ ಶಾಸನದಿಂದ ಅಶೋಕನ ಹೆಸರನ್ನೇ ಲೋಕಕ್ಕೆ ತೋರಿಸಿಕೊಟ್ಟ ಊರು, ಈ ಲೆಕ್ಕದಲ್ಲಿ ಹೆಸರಿಲ್ಲದ ಊರು!

ಸರಿ, ಜನನ ಮರಣ ನೋಂದಣಿ ನೋಡೋಣ ಅಂದ್ರಾ? ಅಲ್ಲಿ ಸಾವು ಎಲ್ಲಿ ಆಯ್ತೋ ಅಲ್ಲೇ ದಾಖಲೆ. ಸಿಂಧನೂರಿನ ಕೂಸು ಬಳ್ಳಾರಿಯ ಆಸ್ಪತ್ರೆಯಲ್ಲಿ ಹೋದರೆ ನೋಂದಣಿ ಬಳ್ಳಾರಿಯಲ್ಲಿ. ಸಮೀಕ್ಷೆಯಲ್ಲಿ ಮಾತ್ರ ತಾಯಿ ಇರುವ ಊರು. ಎರಡೂ ತಾಳೆಯಾಗದಿದ್ದರೆ ಯಾರೋ ಸುಳ್ಳು ಹೇಳಿದರು ಅಂತಲ್ಲ, ಎಣಿಸುವ ಕ್ರಮವೇ ಬೇರೆ.

ಹಾಗಂತ ನಕ್ಷೆ ಹರಿದು ಹಾಕಬೇಕಾ? ಬೇಡ. ಎಲ್ಲಿ ಹುಡುಕಬೇಕು ಅನ್ನೋದನ್ನ ಅದು ಹೇಳುತ್ತೆ. ಎಷ್ಟು ಅನ್ನೋದನ್ನ ನಾವು ಎಣಿಸಬೇಕು. ಮರಣದ ನಮೂನೆಯಲ್ಲಿ ವಾಸದ ಊರಿಗೆ ಒಂದು ಕಾಲಂ ಇದೆ. ಅದನ್ನು ಸರಿಯಾಗಿ ತುಂಬಿ, ಆಶಾ ಕಾರ್ಯಕರ್ತೆಯರ ಪಟ್ಟಿಯ ಜೊತೆ ತಾಳೆ ನೋಡಿ, ತಾಲ್ಲೂಕುವಾರು ಅಂಕಿಯನ್ನು ವರ್ಷಾವರ್ಷ ಜನರ ಮುಂದೆ ಇಡಿ. ನರ್ಸು, ಆಂಬುಲೆನ್ಸು, ದುಡ್ಡು ಎಲ್ಲಿಗೆ ಹೋಗಬೇಕು ಅಂತ ಆಗ ಗೊತ್ತಾಗುತ್ತೆ. ನಕ್ಷೆ ಸರಿಯೋ ತಪ್ಪೋ ಅನ್ನೋದನ್ನ ಮಸ್ಕಿಯವರೇ ಹೇಳ್ತಾರೆ.